ನಮ್ಮ ಮೊಲ ಬಿಂಕಿ ಹೊಡೆದು ಇಳಿದ ಮೇಲೆ ಹಿಂಗಾಲು ಎತ್ತಿಕೊಂಡು ಕೂರುತ್ತಾನೆ, ದಯವಿಟ್ಟು ಯಾರಾದರೂ ಹೇಳಿ

ಬೆಲ್ಲನ_ಅಮ್ಮ (ಬೆಂಗಳೂರು), ಭಾನುವಾರ ರಾತ್ರಿ

ನಮಸ್ಕಾರ. ಎಲ್ಲಾ ಕಡೆ ಹುಡುಕಿ ಸಾಕಾಗಿ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಮೊಲ ಬೆಲ್ಲ ದಿನಾ ಸಂಜೆ ಬಿಂಕಿ, ಅಂದರೆ ಖುಷಿಯ ಜಿಗಿತ, ಹೊಡೆಯುತ್ತಿದ್ದ. ಕೇಜ್ ಬಾಗಿಲು ತೆಗೆದರೆ ಸಾಕು, ಹಾಲ್ ತುಂಬಾ ಜೋರಾಗಿ ಓಡಿ ಒಂದೇ ಸಲ ಮೇಲಕ್ಕೆ ಹಾರುತ್ತಿದ್ದ. ತಲೆ ಒಂದು ಕಡೆ, ಸೊಂಟ ಇನ್ನೊಂದು ಕಡೆ ತಿರುಗಿಸಿ, ಹಿಂಗಾಲು ಝಾಡಿಸಿ ಇಳಿಯುತ್ತಿದ್ದ. ಅದನ್ನು ನೋಡೋಕೆ ಅಂತಲೇ ನಾನು ಆಫೀಸಿನಿಂದ ಬೇಗ ಹೊರಡುತ್ತಿದ್ದೆ.

ಈಗ ಎರಡು ಮೂರು ದಿನದಿಂದ ಅದೆಲ್ಲಾ ನಿಂತಿದೆ. ಎಡ ಹಿಂಗಾಲನ್ನು ಪೂರ್ತಿ ಊರುವುದಿಲ್ಲ. ಕೂತಾಗ ಸ್ವಲ್ಪ ಎತ್ತಿಕೊಂಡೇ ಇರುತ್ತಾನೆ. ಮುಟ್ಟಿದರೆ ಕೂಗುವುದಿಲ್ಲ, ಸುಮ್ನೆ ಸರಿದು ಹೋಗುತ್ತಾನೆ. ಊಟ ಎಲ್ಲಾ ಚೆನ್ನಾಗೇ ಕೊಡುತ್ತಿದ್ದೇವೆ. ಹತ್ತಿರದ ಪೆಟ್ ಕ್ಲಿನಿಕ್‌ಗೆ ಫೋನ್ ಮಾಡಿದರೆ "ಮೊಲ ನಾವು ನೋಡಲ್ಲ" ಅಂದರು. ಬಿಂಕಿ ಹೊಡೆಯುವುದನ್ನೇ ನಿಲ್ಲಿಸಬೇಕಾ? ಕೇಜ್‌ನಲ್ಲೇ ಇಡಬೇಕಾ? ತುಂಬಾ ಬೇಜಾರಾಗಿದೆ.

ಗರಿಕೆ_ಮೈಸೂರು

ಕೊಡುತ್ತಿದ್ದೀರಿ ಸರಿ ಮೇಡಂ, ಅವನು ತಿನ್ನುತ್ತಿದ್ದಾನಾ? ಮೊದಲು ಇದಕ್ಕೆ ಉತ್ತರ ಹೇಳಿ, ಉಳಿದದ್ದು ಆಮೇಲೆ. ಹಿಕ್ಕೆ ಮೊದಲಿನಷ್ಟೇ ದಪ್ಪ, ಮೊದಲಿನಷ್ಟೇ ಸಂಖ್ಯೆ ಇದೆಯಾ? ಚಿಕ್ಕದಾಗಿದ್ದರೆ, ಕಡಿಮೆಯಾಗಿದ್ದರೆ ಕಾಲಿಗಿಂತ ಅದೇ ದೊಡ್ಡ ಚಿಂತೆ. ನೋವಾದರೆ ಮೊಲ ತಿನ್ನುವುದು ಬಿಡುತ್ತದೆ, ತಿನ್ನುವುದು ಬಿಟ್ಟರೆ ಕರುಳು ನಿಲ್ಲುತ್ತದೆ. ಹತ್ತು ಹನ್ನೆರಡು ಗಂಟೆ ಏನೂ ತಿನ್ನದ ಮೊಲವನ್ನು ಬೆಳಿಗ್ಗೆವರೆಗೆ ನೋಡೋಣ ಅಂತ ಇಡಬಾರದು.

ಆಮೇಲೆ ಇವು ಬೇಕು: ವಯಸ್ಸು, ತೂಕ, ಯಾವ ಥರದ ಕೂದಲು, ಕೇಜ್ ತಳ ತಂತಿಯದ್ದಾ ಹಲಗೆಯದ್ದಾ, ಕೊನೆಯ ಸಲ ಉಗುರು ಕತ್ತರಿಸಿದ್ದು ಯಾವಾಗ, ಯಾರಾದರೂ ಎತ್ತಿಕೊಂಡಾಗ ಬಿದ್ದನಾ.

ತುಮಕೂರು_ತೋಟ

ಇದರಲ್ಲಿ ಇಷ್ಟೊಂದು ಪ್ರಶ್ನೆ ಯಾಕೆ? ಕ್ಯಾಲ್ಸಿಯಂ ಕೊರತೆ. ನಾನು ತೋಟದಲ್ಲಿ ತುಂಬಾ ವರ್ಷದಿಂದ ಮೊಲ ಸಾಕುತ್ತಿದ್ದೇನೆ. ಪೇಟೆಯಲ್ಲಿ ಬಿಸಿಲು ಕಾಣದ ಮೊಲಕ್ಕೆಲ್ಲಾ ಇದೇ ಆಗುವುದು. ಮೂಳೆ ಗಟ್ಟಿ ಇಲ್ಲದೆ ಹಾರಿದರೆ ಕಾಲು ಹೋಗದೆ ಇನ್ನೇನಾಗುತ್ತದೆ? ಮೆಡಿಕಲ್ ಶಾಪಿನಲ್ಲಿ ಮಕ್ಕಳ ಕ್ಯಾಲ್ಸಿಯಂ ಸಿರಪ್ ಸಿಗುತ್ತದೆ, ದಿನಕ್ಕೆ ಸ್ವಲ್ಪ ಬಾಯಿಗೆ ಹಾಕಿ, ಬೆಳಗಿನ ಬಿಸಿಲಿಗೆ ಬಿಡಿ. ನನ್ನದೊಂದು ಕುಂಟುತ್ತಿದ್ದ ಮೊಲ ಹಾಗೇ ಸರಿಹೋಯಿತು.

ಹುಬ್ಳಿ_ಅಂಗಳ

ನನಗ ಅನಿಸೋದು ಬ್ಯಾರೆ. ಅಕ್ಕಾರ, ಅವನ ಹಿಂಗಾಲಿನ ಅಂಗಾಲು ತಿರುಗಿಸಿ ನೋಡ್ರಿ. ಹಿಮ್ಮಡಿ ಹತ್ತಿರ ಕೂದಲು ಸರಿಸಿದರೆ ಗುಲಾಬಿ ಬಣ್ಣದ ಬೋಳು ಚರ್ಮ ಕಾಣುತ್ತದೇನು? ಕೆಂಪಗಾಗಿ, ಸಿಪ್ಪೆ ಕಟ್ಟಿದೆಯೇನು? ಅದು ಸೋರ್ ಹಾಕ್ಸ್, ಅಂಗಾಲಿನ ಹುಣ್ಣು. ತಂತಿ ತಳದ ಕೇಜಿನ್ಯಾಗ ಇಟ್ಟ ಮೊಲಕ್ಕೆ, ಒದ್ದೆ ಜಾಗದಾಗ ಕೂರೋ ಮೊಲಕ್ಕೆ, ದಪ್ಪ ಮೊಲಕ್ಕೆ ಭಾಳ ಬರುತ್ತದೆ. ರೆಕ್ಸ್ ತಳಿಗೆ ಅಂತೂ ಅಂಗಾಲಿನ ಗಟ್ಟಿ ಕೂದಲೇ ಇಲ್ಲ, ಅದಕ್ಕೆ ಇನ್ನೂ ಬೇಗ. ನಮ್ಮ ಚುರುಮುರಿ ರೆಕ್ಸ್. ಒಂದು ಮಳೆಗಾಲ ಪೂರ್ತಿ ಅದರ ಕಾಲು ನೋಡಿಕೊಳ್ಳೋದೇ ಆಗಿತ್ತು.

ಬೆಲ್ಲನ_ಅಮ್ಮ

ನಾನು ಕೇಳಿದ್ದು ಒಂದು, ಎಲ್ಲರೂ ಹೇಳುವುದು ಒಂದೊಂದು. ಬೆಲ್ಲ ಕೇಜ್‌ನಲ್ಲಿ ಮಲಗುವುದು ರಾತ್ರಿ ಮಾತ್ರ, ತಳ ಹಲಗೆಯದ್ದು, ಮೇಲೆ ಹಳೇ ಟವೆಲ್ ಇದೆ. ತೂಕ ಎರಡು ಕೆಜಿ ಹತ್ತಿರ. ವಯಸ್ಸು ಒಂದೂವರೆ. ಉಗುರು ಕತ್ತರಿಸಬೇಕು ಅಂತ ಅಂಗಡಿಯವನು ಹೇಳಿರಲಿಲ್ಲ. ಯಾರೂ ಎತ್ತಿ ಬೀಳಿಸಿಲ್ಲ, ನಮ್ಮ ಮನೆಯಲ್ಲಿ ಮಕ್ಕಳೂ ಇಲ್ಲ. ಟಿಮೋಥಿ ಹೇ (ಒಣಹುಲ್ಲು) ತಿನ್ನುತ್ತಿದ್ದಾನೆ, ಮೊದಲಿಗಿಂತ ಸ್ವಲ್ಪ ಕಡಿಮೆ. ಹಿಕ್ಕೆ ಇದೆ, ಎಣಿಸಿಲ್ಲ. ಅಂಗಾಲು ನೋಡೋಕೆ ಬಿಡುತ್ತಿಲ್ಲ, ಹಿಡಿದರೆ ಒದೆಯುತ್ತಾನೆ.

ಕ್ಯಾಲ್ಸಿಯಂ ಸಿರಪ್ ಮನೆಯಲ್ಲೇ ಇದೆ. ಎಷ್ಟು ಕೊಡಲಿ?

ಗರಿಕೆ_ಮೈಸೂರು

ಸಿರಪ್ ಕೊಡಬೇಡಿ. ಹಿಡಿದು ತಿರುಗಿಸಿ ನೋಡುವುದನ್ನೂ ಈಗ ಬಿಡಿ. ಒದೆಯುತ್ತಾನೆ ಅಂದಿರಲ್ಲ, ಅದು ಅಪಾಯ. ಮೊಲದ ಮೂಳೆ ತುಂಬಾ ಹಗುರ. ಬೆಕ್ಕಿನ ಮೈತೂಕದಲ್ಲಿ 12-13% ಮೂಳೆ ಇದ್ದರೆ ಮೊಲದ್ದು ಸುಮಾರು 8% ಅಷ್ಟೇ. ಆದರೆ ಹಿಂಗಾಲಿನ ಮಾಂಸಖಂಡ ಆ ಮೂಳೆಗೆ ತಡೆಯಲಾರದಷ್ಟು ಬಲ. ಹಿಂಭಾಗಕ್ಕೆ ಆಧಾರ ಕೊಡದೆ ಹಿಡಿದಾಗ ಜೋರಾಗಿ ಒದ್ದರೆ ತನ್ನ ಸೊಂಟದ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಇದು ಮೊಲ ಸಾಕುವವರೆಲ್ಲಾ ತಿಳಿದಿರಬೇಕಾದ ವಿಷಯ.

ಮೊಲ ನೋಡುವ ಡಾಕ್ಟರ್ ಹುಡುಕಿ. ಹತ್ತಿರ ಯಾರೂ ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಕೇಳಿ. ಒಯ್ಯುವಾಗ ಕೈಯಲ್ಲಿ ಹಿಡಿದು ಆಟೋ ಹತ್ತಬೇಡಿ. ಗಟ್ಟಿ ತಳದ ಬಾಸ್ಕೆಟ್‌ಗೆ ದಪ್ಪ ಟವೆಲ್ ಮಡಚಿ ಹಾಕಿ, ಜೊತೆಗೆ ಒಂದು ಹಿಡಿ ಹುಲ್ಲು ಇಡಿ. ಎಕ್ಸ್-ರೇಗೆ ಮತ್ತಿನ ಇಂಜೆಕ್ಷನ್ ಕೊಡಬೇಕು, ರಾತ್ರಿಯಿಂದ ಉಪವಾಸ ಇಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಯಿ ಬೆಕ್ಕಿಗೆ ಅದು ಸರಿ. ಮೊಲಕ್ಕೆ ವಾಂತಿಯೇ ಆಗುವುದಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಲ್ಲುವ ಭಯ ಮಾತ್ರ ಜಾಸ್ತಿ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಹಾಕಬೇಡಿ. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ಬಾಯಿಗೆ ಕೊಟ್ಟರೆ ಮೊಲದ ಜೀವಕ್ಕೇ ಕುತ್ತು. ಯಾರಾದರೂ ಬರೆದುಕೊಟ್ಟರೆ ಅಲ್ಲೇ ಕೇಳಿ. ಹಿಂಗಾಲು ಎರಡೂ ಎಳೆದುಕೊಂಡು ಹೋದರೆ, ಮೂತ್ರ ನಿಲ್ಲದೆ ಮೈ ಒದ್ದೆಯಾಗುತ್ತಿದ್ದರೆ ಬೆಳಿಗ್ಗೆವರೆಗೂ ಕಾಯಬೇಡಿ.

ತುಮಕೂರು_ತೋಟ

ಸಿರಪ್ ಬೇಡ ಅಂದಿರಿ, ಮೂಳೆ ಹಗುರ ಅಂತಲೂ ನೀವೇ ಹೇಳಿದಿರಿ. ಹಗುರ ಇದ್ದರೆ ಗಟ್ಟಿ ಮಾಡಬೇಕಲ್ವಾ? ಹಸು ಕರು ಹಾಕಿದ ಮೇಲೆ ನೆಲ ಹಿಡಿದರೆ ಡಾಕ್ಟರ್ ಕೊಡುವುದೇ ಕ್ಯಾಲ್ಸಿಯಂ.

ಗರಿಕೆ_ಮೈಸೂರು

ಹಸುವಿನ ಲೆಕ್ಕ ಮೊಲಕ್ಕೆ ಹೊಂದುವುದಿಲ್ಲ ಸರ್. ನಾವು, ಹಸು, ನಾಯಿ ಎಲ್ಲಾ ಬೇಕಾದಷ್ಟೇ ಕ್ಯಾಲ್ಸಿಯಂ ಕರುಳಿನಿಂದ ಹೀರಿಕೊಳ್ಳುತ್ತೇವೆ. ಮೊಲ ಹಾಗಲ್ಲ. ತಿಂದದ್ದರಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಹೀರಿಕೊಂಡು, ಜಾಸ್ತಿಯಾದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಅದಕ್ಕೇ ಮೊಲದ ಉಚ್ಚೆ ಒಣಗಿದ ಜಾಗದಲ್ಲಿ ಸುಣ್ಣದ ಪುಡಿಯಂಥ ಬಿಳಿ ಕಲೆ ನಿಲ್ಲುವುದು. ನೀವೂ ತೋಟದಲ್ಲಿ ನೋಡಿಯೇ ಇರುತ್ತೀರಿ. ಮೇಲಿಂದ ಸಿರಪ್ ಹಾಕಿದರೆ ಮೂತ್ರಕೋಶದಲ್ಲಿ ಗಸಿ ಕಟ್ಟುತ್ತದೆ, ಕಲ್ಲಾಗುತ್ತದೆ. ಒಳ್ಳೆ ಹುಲ್ಲು ತಿನ್ನುವ ಮೊಲಕ್ಕೆ ಕ್ಯಾಲ್ಸಿಯಂ ಕೊರತೆ ಆಗುವುದು ಅಪರೂಪ.

ಒಂದು ಮಾತು ಮಾತ್ರ ನೀವು ಸರಿಯಾಗಿ ಹೇಳಿದಿರಿ. ಗಟ್ಟಿ ಮೂಳೆ ಬೇಕು. ಅದು ಓಡಾಟದಿಂದ ಬರುತ್ತದೆ. ಇಡೀ ದಿನ ಚಿಕ್ಕ ಕೇಜಿನಲ್ಲಿ ಕೂರಿಸಿಟ್ಟ ಮೊಲದ ಮೂಳೆ ತೆಳ್ಳಗಾಗುತ್ತದೆ. ಅದಕ್ಕೇ ಬೆಲ್ಲನ ಬಿಂಕಿ ನಿಲ್ಲಿಸಬೇಡಿ ಅನ್ನುವುದು ನಾನು. ಈಗ ವಿಶ್ರಾಂತಿ ಬೇಕು ನಿಜ, ಶಾಶ್ವತವಾಗಿ ಕೇಜ್ ಅಲ್ಲ.

ಎರಡುಕಿವಿ (ಬೆಂಗಳೂರು)

ಮೇಡಂ, ಮೊಲಕ್ಕೆ ಹಾಲ್‌ನಲ್ಲಿ ಬಿಡುವುದೇ ತಪ್ಪು. ನಾನು ಒಂದು ಇಡೀ ರೂಮ್ ಕೊಟ್ಟಿದ್ದೇನೆ. ಹತ್ತು ಅಡಿ ಹನ್ನೆರಡು ಅಡಿ. ಮೂರು ಅಡಿ ಎತ್ತರದ ನಾಯಿ ಪ್ಲೇಪೆನ್ ಬೇಲಿ, ಎಂಟು ಪ್ಯಾನೆಲ್. ವೈರ್ ಎಲ್ಲಾ ಕೇಸಿಂಗ್ ಒಳಗೆ. ಎರಡು ಹುಲ್ಲಿನ ರ‍್ಯಾಕ್, ರಟ್ಟಿನ ಸುರಂಗ, ಬೇಸಿಗೆಗೆ ಅಮೃತಶಿಲೆಯ ಹಲಗೆ, ಫ್ರೀಜ್ ಮಾಡಿದ ನೀರಿನ ಬಾಟಲ್. ಕ್ಯಾಮೆರಾ ಇದೆ, ಆಫೀಸಿನಿಂದಲೇ ನೋಡುತ್ತೇನೆ. ನಮ್ಮ ಕಡ್ಲೆ, ಬಟಾಣಿ ಇಬ್ಬರೂ ರಾತ್ರಿ ಹನ್ನೊಂದಕ್ಕೆ ಬಿಂಕಿ ಶುರು ಮಾಡಿದರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ.

ಎರಡು ಅಡಿ ಬೇಲಿ ಇಡುವವರು ಇಲ್ಲಿ ತುಂಬಾ ಜನ ಇದ್ದಾರೆ. ಅದು ಸಾಲುವುದಿಲ್ಲ. ಬೇಲಿ ದಾಟಲು ಹೋಗಿ ಕಾಲು ಸಿಕ್ಕಿಹಾಕಿಕೊಂಡ ಮೊಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಲ್ಲನಿಗೂ ಅದೇ ಆಗಿರಬೇಕು.

ಸ್ಟಾಕ್‌ಹೋಮ್_ಕನ್ನಡಿಗ

ಬೇಲಿ ಬಗ್ಗೆ ಮಾತು ಬಂತಲ್ಲ, ಹೇಳುತ್ತೇನೆ. ನಾನಿರುವ ಸ್ವೀಡನ್‌ನಲ್ಲಿ ಮೊಲಗಳನ್ನು ಅಡೆತಡೆ ಹಾರಿಸುವ ಆಟವೇ ಇದೆ, ಕನಿನ್‌ಹಾಪ್ ಅನ್ನುತ್ತಾರೆ. 1970ರ ದಶಕದಲ್ಲಿ ಶುರುವಾಗಿದ್ದು. ಎತ್ತರ ಜಿಗಿತದ ದಾಖಲೆ 107 ಸೆಂಟಿಮೀಟರ್, 2019ರಲ್ಲಿ ಇಲ್ಲಿನದೇ ಮೊಲ ಹಾರಿದ್ದು. ಉದ್ದ ಜಿಗಿತದ ದಾಖಲೆ ಡೆನ್ಮಾರ್ಕ್‌ನದ್ದು, 1999ರಲ್ಲಿ 3 ಮೀಟರಿಗೂ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದರೆ ನಿಮ್ಮ ಮೂರು ಅಡಿ ಬೇಲಿಯೂ 91 ಸೆಂಟಿಮೀಟರ್ ಅಷ್ಟೇ.

ನಾನು ಒಂದು ಸ್ಪರ್ಧೆ ನೋಡೋಕೆ ಹೋಗಿದ್ದೆ. ನನಗೆ ಮನಸ್ಸಿನಲ್ಲಿ ಉಳಿದದ್ದು ಎತ್ತರ ಅಲ್ಲ, ನೆಲ. ಒಳಾಂಗಣದಲ್ಲಿ ಉದ್ದಕ್ಕೂ ಕಾರ್ಪೆಟ್ ಹಾಸಿದ್ದರು. ಅಡ್ಡಕೋಲು ತಾಗಿದರೆ ತಾನೇ ಕೆಳಗೆ ಬೀಳುವ ಹಾಗೆ ಇಟ್ಟಿದ್ದರು, ಕಾಲಿಗೆ ಪೆಟ್ಟಾಗದಿರಲಿ ಅಂತ. ಬರೀ ನೆಲದ ಮೇಲೆ ಯಾರೂ ಹಾರಿಸುತ್ತಿರಲಿಲ್ಲ.

ಎರಡುಕಿವಿ

ತರಬೇತಿ ಕೊಟ್ಟ ಮೊಲದ ದಾಖಲೆ ತಂದು ನಮ್ಮ ಮನೆ ಮೊಲಕ್ಕೆ ಹೋಲಿಸಿದರೆ ಹೇಗೆ? ಕಡ್ಲೆ, ಬಟಾಣಿ ಇವತ್ತಿನವರೆಗೂ ಮೂರು ಅಡಿ ದಾಟಿಲ್ಲ. ಭಾರತದಲ್ಲಿ ಸಿಗುವ ಪ್ಲೇಪೆನ್‌ನಲ್ಲಿ ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ, ನಾನೇ ತರಿಸುತ್ತೇನೆ.

ಸ್ಟಾಕ್‌ಹೋಮ್_ಕನ್ನಡಿಗ

ಹೋಲಿಸಲಿಲ್ಲ ಸರ್. ಮೇಲೆ ಬಲೆ ಕಟ್ಟಿ ಅನ್ನೋಣ ಅಂತಿದ್ದೆ. ದಾಟಲು ಆಗದ ಬೇಲಿಗಿಂತ ಅರ್ಧ ದಾಟುವ ಬೇಲಿ ಕೆಟ್ಟದ್ದು. ಅಡ್ಡಡ್ಡ ಸರಳು ಇದ್ದರೆ ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತವೆ.

ಹುಬ್ಳಿ_ಅಂಗಳ

ಅಣ್ಣಾರ, ಬೇಲಿ ಜಗಳಕ್ಕೆ ಬ್ಯಾರೆ ಚರ್ಚೆ ತೆರೀರಿ. ಅಕ್ಕಾರ ಮನ್ಯಾಗ ಬೇಲಿನೇ ಇಲ್ಲ ಅನಸ್ತದ. ಬೆಲ್ಲ ಹೆಂಗಿದ್ದಾನ ಅಂತ ಯಾರೂ ಕೇಳವಲ್ಲರು.

ಬೆಲ್ಲನ_ಅಮ್ಮ, ಬುಧವಾರ

ಕೇಳಿದ್ದಕ್ಕೆ ಥ್ಯಾಂಕ್ಸ್. ನಮ್ಮ ಮನೆಯಲ್ಲಿ ಬೇಲಿ ಇಲ್ಲ, ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ.

ಮೊಲ ನೋಡುವ ಡಾಕ್ಟರ್ ಸಿಕ್ಕರು. ಎಕ್ಸ್-ರೇ ತೆಗೆದರು. ಮೂಳೆ ಮುರಿದಿಲ್ಲ, ಸೊಂಟದ ಕೀಲೂ ಜಾಗದಲ್ಲೇ ಇದೆ. ಮಂಡಿಯ ಸುತ್ತ ಊತ ಇದೆ, ಉಳುಕು ಅಂದರು. ನೋವಿಗೆ ಮೆಲಾಕ್ಸಿಕ್ಯಾಮ್ ದ್ರವ ಕೊಟ್ಟಿದ್ದಾರೆ, ಅವನ ತೂಕ ನೋಡಿ ಅಳತೆ ಬರೆದುಕೊಟ್ಟರು. ಸ್ವಲ್ಪ ದಿನ ಚಿಕ್ಕ ಜಾಗದಲ್ಲಿ ಇಡಿ, ಹಾರುವ ಹಾಗಿರಬಾರದು ಅಂದರು. ಉಪವಾಸದ ಮಾತೇ ಎತ್ತಲಿಲ್ಲ, ಹುಲ್ಲು ತಂದಿದ್ದೀರಾ ಅಂತ ಅವರೇ ಕೇಳಿದರು.

ಅಂಗಾಲು ಅವರೇ ತೋರಿಸಿದರು. ನನ್ನ ತೊಡೆಯ ಮೇಲೆ ಟವೆಲ್ ಸುತ್ತಿ ಕೂರಿಸಿ, ಹಿಂಭಾಗ ಪೂರ್ತಿ ನನ್ನ ಹೊಟ್ಟೆಗೆ ಆನಿಸಿ, ಒಂದೇ ಪಾದ ಹೊರಗೆ ತೆಗೆದರು. ಕೂದಲು ಬೆರಳಿನಲ್ಲಿ ಬಿಡಿಸಿದಾಗ ಹಿಮ್ಮಡಿ ಹತ್ತಿರ ಕಡಲೆಬೇಳೆಯಷ್ಟು ಜಾಗ ಬೋಳಾಗಿ ಗುಲಾಬಿ ಬಣ್ಣ ಇತ್ತು. ಹುಣ್ಣಿಲ್ಲ. ಉಗುರು ಮಾತ್ರ ಕೂದಲು ದಾಟಿ ಉದ್ದ ಬೆಳೆದು, ಒಂದು ಪಕ್ಕಕ್ಕೆ ತಿರುಗಿತ್ತು. ಅಲ್ಲೇ ಕತ್ತರಿಸಿದರು. ತಿಂಗಳು ಒಂದೂವರೆ ತಿಂಗಳಿಗೊಮ್ಮೆ ನೋಡಬೇಕಂತೆ.

ಆದರೆ ಉಳುಕಿದ್ದು ಹೇಗೆ? ಅದೇ ಹಾಲ್, ಅದೇ ಓಟ. ವರ್ಷದಿಂದ ಹಾರುತ್ತಿದ್ದವನಿಗೆ ಈಗ ಯಾಕೆ ಹೀಗಾಯಿತು?

ಕಡಲತಡಿ_ಮೊಲ (ಮಂಗಳೂರು)

ನೆಲ ಯಾವುದು? ಇಷ್ಟು ಮಾತಾಯಿತು, ಯಾರೂ ಇದನ್ನೇ ಕೇಳಲಿಲ್ಲ. ಸ್ವೀಡನ್‌ನವರು ಹೇಳಿದ ಮೇಲಾದರೂ ಕೇಳಬೇಕಿತ್ತು. ಮೊಸಾಯಿಕ್ಕಾ, ರೆಡ್ ಆಕ್ಸೈಡಾ, ಟೈಲ್ಸಾ? ಉಗುರು ಉದ್ದ ಬೆಳೆದು ಪಾದ ವಾರೆಯಾಗಿದ್ದರೆ ನುಣುಪು ನೆಲದ ಮೇಲೆ ಇನ್ನೂ ಜಾಸ್ತಿ ಜಾರುತ್ತದೆ.

ಬೆಲ್ಲನ_ಅಮ್ಮ

ಓ, ಹೊಸ ಫ್ಲಾಟ್‌ಗೆ ಬಂದು ಸ್ವಲ್ಪ ದಿನ ಆಯಿತು. ಹಳೇ ಮನೆಯಲ್ಲಿ ಮೊಸಾಯಿಕ್ ಇತ್ತು, ಇಲ್ಲಿ ದೊಡ್ಡ ವಿಟ್ರಿಫೈಡ್ ಟೈಲ್ಸ್, ಕನ್ನಡಿ ಥರ ಹೊಳೆಯುತ್ತದೆ. ಆದರೆ ಮಧ್ಯದಲ್ಲಿ ಜಮಖಾನ ಹಾಕಿದ್ದೇನೆ, ಅವನಿಗೋಸ್ಕರವೇ.

ನಿಮ್ಮ ಪ್ರಶ್ನೆ ಓದಿ ಫೋನಿನಲ್ಲಿದ್ದ ಹಳೇ ವಿಡಿಯೋ ನಿಧಾನವಾಗಿ ಓಡಿಸಿ ನೋಡಿದೆ. ಈ ಮನೆಗೆ ಬಂದ ಮೇಲೆ ತೆಗೆದದ್ದು. ಸೋಫಾ ಹಿಂದಿನಿಂದ ಬರುವಾಗ ಟೈಲ್ಸ್ ಮೇಲೆ ಉಗುರು ಟಕಟಕ ಅನ್ನುತ್ತದೆ. ಜಮಖಾನದ ಮೇಲೆ ಕಾಲಿಟ್ಟ ತಕ್ಷಣ ಸದ್ದು ನಿಲ್ಲುತ್ತದೆ, ಅವನಿಗೆ ಧೈರ್ಯ ಬರುತ್ತದೆ, ಅಲ್ಲಿಂದ ಮೇಲಕ್ಕೆ ಹಾರುತ್ತಾನೆ. ಮೈ ತಿರುಗಿಸಿ ಇಳಿಯುವ ಹೊತ್ತಿಗೆ ಜಮಖಾನ ಮುಗಿದಿರುತ್ತದೆ. ಮುಂಗಾಲು ಎರಡೂ ಟೈಲ್ಸ್ ಮೇಲೆ, ಬಲ ಹಿಂಗಾಲು ಅಂಚಿನ ಕುಚ್ಚಿನ ಮೇಲೆ, ಎಡಗಾಲು ಟೈಲ್ಸ್ ಮೇಲೆ. ಆ ಎಡಗಾಲು ಪಕ್ಕಕ್ಕೆ ಸರ್ರನೆ ಅಗಲವಾಗಿ ಹೋಗುತ್ತದೆ. ಅವನು ಸಾವರಿಸಿಕೊಂಡು ಮತ್ತೆ ಓಡುತ್ತಾನೆ, ಅದಕ್ಕೇ ಬರಿಗಣ್ಣಿಗೆ ಗೊತ್ತಾಗಲಿಲ್ಲ. ಒಂದು ಹಾರಾಟದಲ್ಲಿ ಜಮಖಾನವೇ ಹಿಂದಕ್ಕೆ ಮಡಚಿಕೊಂಡಿದೆ.

ಗರಿಕೆ_ಮೈಸೂರು

ಇದೇ. ನಾಯಿ ಬೆಕ್ಕಿನ ಪಾದಕ್ಕೆ ಮೆತ್ತೆ ಇದೆ, ಅದು ನೆಲ ಹಿಡಿಯುತ್ತದೆ. ಮೊಲಕ್ಕೆ ಮೆತ್ತೆಯೇ ಇಲ್ಲ, ಅಂಗಾಲು ಪೂರ್ತಿ ಕೂದಲು. ಮಣ್ಣಿನಲ್ಲಿ ಉಗುರು ಊರಿ ಓಡಲು ಆದ ಕಾಲು ಅದು. ಪಾಲಿಶ್ ಟೈಲ್ಸ್ ಮೇಲೆ ಕೂದಲೂ ಹಿಡಿಯುವುದಿಲ್ಲ, ಉಗುರೂ ಕಚ್ಚುವುದಿಲ್ಲ. ಪೂರ್ತಿ ಟೈಲ್ಸ್ ಇದ್ದರೆ ಎಷ್ಟೋ ಮೊಲ ಹೆದರಿ ಓಡುವುದೇ ಇಲ್ಲ. ನಿಮ್ಮ ಜಮಖಾನ ಹಾರಲು ಹಿಡಿತ ಕೊಟ್ಟಿತು, ಇಳಿಯಲು ಜಾಗ ಕೊಡಲಿಲ್ಲ.

ಬಿಂಕಿಯಲ್ಲಿ ಮೊಲ ಎಲ್ಲಿ ಇಳಿಯುತ್ತದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ, ಗಾಳಿಯಲ್ಲೇ ತಿರುಗುತ್ತದೆ. ಹಾಗಾಗಿ ಓಡುವ ದಾರಿ ಅಷ್ಟೇ ಅಲ್ಲ, ಅದರ ಎರಡೂ ಪಕ್ಕಕ್ಕೆ ಕನಿಷ್ಠ ಎರಡು ಮೂರು ಅಡಿ ಹಿಡಿತದ ನೆಲ ಬೇಕು. ತಿರುವಿನಲ್ಲಿ ಇನ್ನೂ ಜಾಸ್ತಿ. ಸೋಫಾ ಮೂಲೆಯಲ್ಲಿ ಅವನು ತಿರುಗುವ ಜಾಗ ವಿಡಿಯೋದಲ್ಲಿ ನೋಡಿ, ಮೊದಲು ಅಲ್ಲಿಗೆ ಹಾಸಿ.

ಕಡಲತಡಿ_ಮೊಲ

ನಾನು ಮೊದಲು ತೆಂಗಿನ ನಾರಿನ ಮ್ಯಾಟ್ ಹಾಕಿದ್ದೆ. ಹಿಡಿತ ಚೆನ್ನಾಗಿದೆ, ಅಗಿದರೂ ಭಯ ಇಲ್ಲ. ಆದರೆ ಒರಟು. ಅಂಗಾಲಿನ ಕೂದಲು ಸವೆಯಿತು. ಬೆಲ್ಲನಿಗೆ ಈಗಾಗಲೇ ಬೋಳು ಜಾಗ ಇದೆ ಅಂದಿರಿ, ಅವನಿಗೆ ಬೇಡ. ಈಗ ನಮ್ಮಲ್ಲಿ ಮಕ್ಕಳ ಆಟದ ಫೋಮ್ ಚೌಕಗಳು, ಒಂದಕ್ಕೊಂದು ಸಿಕ್ಕಿಸುವಂಥವು. ತೊಳೆಯುವುದು ಸುಲಭ, ಮಳೆಗಾಲದಲ್ಲಿ ಬೇಗ ಒಣಗುತ್ತದೆ.

ಗರಿಕೆ_ಮೈಸೂರು

ಫೋಮ್ ಬೇಡ. ಮೂಲೆಯಿಂದ ಶುರು ಮಾಡಿ ತಿನ್ನುತ್ತವೆ. ನುಂಗಿದ ಫೋಮ್ ಕರುಳಿನಲ್ಲಿ ಸಿಕ್ಕಿಕೊಂಡರೆ ಮೊಲಕ್ಕೆ ಅದನ್ನು ವಾಂತಿ ಮಾಡುವ ದಾರಿಯೂ ಇಲ್ಲ. ಯೋಗ ಮ್ಯಾಟ್‌ಗೂ ಇದೇ ಮಾತು.

ಕಡಲತಡಿ_ಮೊಲ

ನಮ್ಮದು ಮುಟ್ಟಿಯೇ ಇಲ್ಲ. ಹುಲ್ಲು ಹೊಟ್ಟೆತುಂಬಾ ಇದ್ದರೆ ಫೋಮ್ ಯಾಕೆ ತಿನ್ನುತ್ತದೆ?

ಗರಿಕೆ_ಮೈಸೂರು

ಹೊಟ್ಟೆಗೆ ಅಲ್ಲ, ಹಲ್ಲಿಗೆ. ಮೊಲದ ಹಲ್ಲು ಬದುಕಿರುವಷ್ಟೂ ಬೆಳೆಯುತ್ತಲೇ ಇರುತ್ತದೆ, ಅಗಿಯದೆ ಇರುವುದಿಲ್ಲ. ನಿಮ್ಮದು ಮುಟ್ಟದಿರಬಹುದು, ಬೆಲ್ಲ ಹೇಗೋ ಯಾರಿಗೆ ಗೊತ್ತು. ಗೊತ್ತಿಲ್ಲದ ಮೊಲಕ್ಕೆ ನಾನು ಫೋಮ್ ಹೇಳುವುದಿಲ್ಲ.

ಹುಬ್ಳಿ_ಅಂಗಳ

ಹತ್ತಿ ಜಮಖಾನಕ್ಕಿಂತ ಒಳ್ಳೇದು ಇಲ್ರಿ. ಅಕ್ಕಾರ ಅರ್ಧ ಸರಿಯಾಗೇ ಮಾಡ್ಯಾರ. ನಮ್ಮ ಮನ್ಯಾಗ ನವಲಗುಂದದ ಹಳೇ ಜಮಖಾನ ಇವೆ. ದಪ್ಪ ನೇಯ್ಗೆ, ಎರಡೂ ಕಡೆ ಹಾಸಬಹುದು, ಅಗಿದರೆ ಹೋಗೋದು ಹತ್ತಿ ನೂಲು. ಅದೂ ಉದ್ದ ನೂಲು ಕಿತ್ತು ತಿನ್ನುತ್ತಿದ್ದರೆ ಬಿಡಬಾರದು. ಕುಚ್ಚು ಮಾತ್ರ ಕತ್ತರಿಸಿ ಅಂಚು ಹೊಲಿದುಬಿಡ್ರಿ. ಕುಚ್ಚಿನ್ಯಾಗ ಉಗುರು ಸಿಕ್ಕಿ ಹಾರಿದರೆ ಉಗುರೇ ಕಿತ್ತು ಬರುತ್ತದೆ. ಕುಣಿಕೆ ಕುಣಿಕೆಯಾಗಿ ನೂಲು ಎದ್ದಿರೋ ಕಾರ್ಪೆಟ್ಟೂ ಬ್ಯಾಡ, ಅದೇ ಕಾರಣಕ್ಕೆ.

ಜಮಖಾನ ಜಾರದ ಹಾಗೆ ಕೆಳಗೆ ರಬ್ಬರ್ ಜಾಲರಿ ಸಿಗುತ್ತದೆ, ಮೀಟರ್ ಲೆಕ್ಕದಾಗ ಕೊಡ್ತಾರ. ಅಂಚಿಗಿಂತ ಒಂದು ಗೇಣು ಒಳಗೇ ನಿಲ್ಲೋ ಹಾಗೆ ಕತ್ತರಿಸ್ರಿ, ಇಲ್ಲದಿದ್ದರೆ ಎಳೆದು ಅಗೀತಾನ. ಒಂದು ಅಂಚು ಸೋಫಾ ಕಾಲಿನ ಕೆಳಗೆ, ಇನ್ನೊಂದು ಟಿವಿ ಸ್ಟ್ಯಾಂಡ್ ಕೆಳಗೆ ಸೇರಿಸಿದರೆ ಅಲುಗಾಡೋದಿಲ್ಲ. ಎರಡು ಜಮಖಾನ ಸೇರೋ ಜಾಗದಾಗ ಸಂದು ಬಿಡಬ್ಯಾಡ್ರಿ, ಒಂದರ ಮ್ಯಾಲೆ ಒಂದು ಬರಲಿ.

ಹೊಸಬ_ಶಿವಮೊಗ್ಗ

ಸಂಬಂಧ ಇದೆಯೋ ಇಲ್ಲವೋ, ಕೇಳುತ್ತೇನೆ. ನಮ್ಮ ಗದ್ದೆ ಬದುವಿನಲ್ಲಿ ಮೊಲದ ಮರಿ ಸಿಕ್ಕಿದೆ, ಕಂದು ಬಣ್ಣ, ಕಿವಿ ಉದ್ದ. ಈಗಲೇ ಏನು ಹಾರುತ್ತದೆ ಗೊತ್ತಾ! ಇದಕ್ಕೂ ಜಮಖಾನ ಬೇಕಾ?

ಗರಿಕೆ_ಮೈಸೂರು

ಅದು ಕಾಡುಮೊಲ. ನಾವು ಸಾಕುವ ಮೊಲ ಯುರೋಪಿನ ಬೇರೆ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಸಾಕುವ ಹಾಗಿಲ್ಲ. ಅದಕ್ಕಿಂತ ಮುಖ್ಯ, ತಾಯಿ ಮರಿಯನ್ನು ಹುಲ್ಲಿನಲ್ಲಿ ಬಿಟ್ಟು ಹಾಲು ಕೊಡೋಕೆ ಮಾತ್ರ ಬರುತ್ತಾಳೆ. ಮರಿ ಅನಾಥ ಅಲ್ಲ. ಗಾಯ ಇಲ್ಲದಿದ್ದರೆ ಇವತ್ತು ಸಂಜೆಯೊಳಗೆ ಸಿಕ್ಕಿದ ಜಾಗದಲ್ಲೇ ಬಿಟ್ಟು ದೂರ ಬನ್ನಿ. ಗಾಯ ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ತುಮಕೂರು_ತೋಟ

ನೆಲ ಜಾರಿತು, ಒಪ್ಪುತ್ತೇನೆ. ಆದರೂ ಬಿಸಿಲು ಬೇಕು ಅನ್ನುವ ಮಾತು ಬಿಡುವುದಿಲ್ಲ. ನಮ್ಮಲ್ಲಿ ಮೊಲಗಳು ಮಣ್ಣಿನ ಮೇಲೆ ಹಾರುತ್ತವೆ, ಒಂದಕ್ಕೂ ಉಳುಕಿಲ್ಲ. ಮೇಡಂ ಟೆರೇಸ್ ಇದ್ದರೆ ಅಲ್ಲಿ ಬಿಡಲಿ.

ಎರಡುಕಿವಿ

ಟೆರೇಸ್ ಬೇಡವೇ ಬೇಡ. ಮಧ್ಯಾಹ್ನದ ಕಾಂಕ್ರೀಟ್ ಅಂಗಾಲು ಸುಡುತ್ತದೆ. ಮೊಲ ಬೆವರುವುದಿಲ್ಲ, 30 ಡಿಗ್ರಿ ಹತ್ತಿರ ಬಂದರೇ ಶಾಖ ತಡೆಯುವುದು ಕಷ್ಟ. ಹದ್ದು ಇಳಿದರೆ ಒಯ್ಯುತ್ತದೆ. ಒಯ್ಯದಿದ್ದರೂ ಹೆದರಿ ಪ್ಯಾರಾಪೆಟ್ ಹಾರಿಬಿಟ್ಟರೆ? ಬೆಳಿಗ್ಗೆ ಏಳರೊಳಗೆ, ನೀವು ಪಕ್ಕದಲ್ಲೇ ಕೂತು, ಬಲೆ ಕಟ್ಟಿದ ಜಾಗದಲ್ಲಿ ಬಿಟ್ಟರೆ ನನ್ನ ಅಡ್ಡಿ ಇಲ್ಲ.

ಬೆಲ್ಲನ_ಅಮ್ಮ, ಮುಂದಿನ ಭಾನುವಾರ

ನಮಗೆ ಟೆರೇಸ್ ಕೊಡುವುದಿಲ್ಲ, ಆ ಜಗಳ ಬೇಡ. ಇನ್ನೂ ಎರಡು ಜಮಖಾನ ತಂದೆವು, ಕುಚ್ಚು ಕತ್ತರಿಸಿ ಹೊಲಿದಿದ್ದೇನೆ, ರಬ್ಬರ್ ಜಾಲರಿ ಹಾಕಿದೆ. ಸೋಫಾ ಮೂಲೆಯಿಂದ ಬಾಲ್ಕನಿ ಬಾಗಿಲವರೆಗೆ ಈಗ ಟೈಲ್ಸ್ ಕಾಣುವುದಿಲ್ಲ. ಬೆಲ್ಲ ಇನ್ನೂ ಚಿಕ್ಕ ಜಾಗದಲ್ಲೇ ಇದ್ದಾನೆ. ಹುಲ್ಲು ಮೊದಲಿನಷ್ಟು ತಿನ್ನುತ್ತಿದ್ದಾನೆ, ಹಿಕ್ಕೆ ದಪ್ಪ ಇದೆ. ಕಾಲು ಊರುತ್ತಿದ್ದಾನೆ. ಇವತ್ತು ಬೆಳಿಗ್ಗೆ ಕೂತಲ್ಲೇ ಒಂದು ಸಲ ತಲೆ ಝಾಡಿಸಿದ, ಕಿವಿ ಎರಡೂ ಹಾರಿದವು. ನನಗೆ ಅಷ್ಟಕ್ಕೇ ಕಣ್ಣು ತುಂಬಿ ಬಂತು.

ಎರಡು ಪ್ರಶ್ನೆ. ಪೂರ್ತಿ ಹಾಲ್‌ಗೆ ಯಾವಾಗ ಬಿಡಬಹುದು? ಇನ್ನೊಂದು, ಅವನಿಗೆ ಸೋಫಾ ಹತ್ತಿ ಅಲ್ಲಿಂದ ಹಾರುವ ಅಭ್ಯಾಸ ಇದೆ. ಅದನ್ನು ಹೇಗೆ ತಪ್ಪಿಸುವುದು?

ಗರಿಕೆ_ಮೈಸೂರು

ತುಂಬಾ ಸಂತೋಷ ಆಯಿತು. ಮೊದಲನೆಯದಕ್ಕೆ ಡಾಕ್ಟರ್ ಮತ್ತೆ ಕಾಲು ಮುಟ್ಟಿ ನೋಡಿ ಸರಿ ಅನ್ನುವವರೆಗೆ ಬಿಡಬೇಡಿ. ಔಷಧಿ ನೋವು ಮರೆಸಿರುತ್ತದೆ, ಅವನು ಚೆನ್ನಾಗಿ ಕಾಣುವುದು ಅದರಿಂದಲೂ ಇರಬಹುದು. ಮೊಲ ನೋವಾದರೂ ಸುಮ್ಮನಿರುತ್ತದೆ. ಹಲ್ಲು ಜೋರಾಗಿ ಕಡಿಯುವ ಸದ್ದು ಬಂದರೆ ನೋವು ಅಂತ ತಿಳಿಯಿರಿ. ತಲೆ ಸವರುವಾಗ ಮೆಲ್ಲಗೆ ಕಟಕಟ ಅಂದರೆ ಅದು ಖುಷಿ. ಡಾಕ್ಟರ್ ಒಪ್ಪಿದ ಮೇಲೂ ಮೊದಲು ಅರ್ಧ ಹಾಲ್ ಕೊಡಿ. ನೇರ ಉದ್ದದ ಓಟ ಸಿಗದ ಹಾಗೆ ಮಧ್ಯೆ ರಟ್ಟಿನ ಡಬ್ಬ ಇಡಿ, ವೇಗ ತಾನೇ ಕಡಿಮೆಯಾಗುತ್ತದೆ.

ಹುಬ್ಳಿ_ಅಂಗಳ

ಸೋಫಾಕ್ಕೆ ಬೈದು ಪ್ರಯೋಜನ ಇಲ್ರಿ, ಅವನು ಹತ್ತೇ ಹತ್ತುತ್ತಾನ. ಇಳಿಯೋ ಕಡೆ ಗಿಡ್ಡ ಮಣೆ ಇಟ್ಟು, ಅದರ ಮ್ಯಾಲೆ ಗೋಣಿ ತಟ್ಟು ಬಿಗಿಯಾಗಿ ಹೊಡೀರಿ. ಮೊಳೆ ಕೆಳಗಿನ ಕಡೆ ಬರಲಿ. ಎರಡು ಮೆಟ್ಟಿಲಾಗಿ ಇಳಿಯೋದು ಕಲೀತಾನ. ಕಾಲು ಪೂರ್ತಿ ವಾಸಿ ಆಗೋವರೆಗೂ ಸೋಫಾ ಮುಂದ ರಟ್ಟು ಅಡ್ಡ ಇಡ್ರಿ. ಮಣೆ ಅಲುಗಾಡದ ಹಾಗೆ ಜಮಖಾನದ ಮ್ಯಾಲೇ ಇರಲಿ, ಟೈಲ್ಸ್ ಮ್ಯಾಲೆ ಅಲ್ಲ.

ಬೆಲ್ಲನ_ಅಮ್ಮ

ಮಣೆ ಇದೆ, ಗೋಣಿ ತಟ್ಟು ನಾಳೆ ತರುತ್ತೇನೆ. ಗುರುವಾರ ಡಾಕ್ಟರ್ ಹತ್ತಿರ ಹೋಗುವುದಿದೆ, ಏನಂದರು ಅಂತ ಇಲ್ಲೇ ಬರೆಯುತ್ತೇನೆ.